ಪೂರ್ವ ಆಫ್ರಿಕಾ ಸಮುದಾಯ: ಒಮ್ಮೆ ಮುರಿದು ಮತ್ತೆ ಕಟ್ಟಿದ ಒಕ್ಕೂಟದ ಒಳಲೆಕ್ಕ

ಪ್ರತಿ ವರ್ಷ ಜೂನ್ ತಿಂಗಳ ಒಂದು ಗುರುವಾರ ಕೆನ್ಯಾದ ನೈರೋಬಿ, ಉಗಾಂಡದ ಕಂಪಾಲಾ, ಟಾಂಜಾನಿಯದ ಡೊಡೊಮಾಗಳ ಸಂಸತ್ತುಗಳಲ್ಲಿ ಹಣಕಾಸು ಮಂತ್ರಿಗಳು ಸಾಮಾನ್ಯವಾಗಿ ಒಂದೇ ದಿನ ಬಜೆಟ್ ಓದುತ್ತಾರೆ. ಆಮದು ಸುಂಕದ ಬದಲಾವಣೆಗಳನ್ನು ಅವರೆಲ್ಲ ಮೊದಲೇ ಕೂತು ಮಾತಾಡಿರುತ್ತಾರೆ. ಹೊಸ ದರ ಜಾರಿಗೆ ಬರುವುದೂ ಒಂದೇ ದಿನ, ಜುಲೈ 1ಕ್ಕೆ. ಆದರೆ ಆ ಹೊತ್ತಿಗೆ ಸಮುದಾಯದ ಕೇಂದ್ರ ಕಚೇರಿಯಿರುವ ಅರೂಷಾದಿಂದ ಹೊರಬೀಳುವ ಗೆಜೆಟ್ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇಂಥ ದೇಶ ಇಂಥ ಸರಕಿಗೆ ಒಂದು ವರ್ಷದ ಮಟ್ಟಿಗೆ ಒಪ್ಪಿದ ದರ ಬಿಟ್ಟು ತನ್ನದೇ ದರ ಹಾಕಿಕೊಳ್ಳಬಹುದು ಎಂಬ ಸಾಲುಗಳು ಪುಟಗಟ್ಟಲೆ ಇರುತ್ತವೆ.

ಮೇಲೆ ಒಗ್ಗಟ್ಟು, ಅಡಿಯಲ್ಲಿ ವಿನಾಯಿತಿ. ಪೂರ್ವ ಆಫ್ರಿಕಾ ಸಮುದಾಯದ ಜಾಯಮಾನ ಇದರಲ್ಲೇ ಅರ್ಧ ತಿಳಿಯುತ್ತದೆ. ಕೆನ್ಯಾ, ಉಗಾಂಡ, ಟಾಂಜಾನಿಯ, ರುವಾಂಡ, ಬುರುಂಡಿ, ದಕ್ಷಿಣ ಸುಡಾನ್, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ, ಸೊಮಾಲಿಯ ಎಂಬ ಎಂಟು ದೇಶಗಳು ಇದರಲ್ಲಿವೆ. ಒಟ್ಟು ಜನಸಂಖ್ಯೆ 30 ಕೋಟಿ ದಾಟುತ್ತದೆ. ಟಾಂಜಾನಿಯದ ಅರೂಷಾದಲ್ಲಿ ಸಚಿವಾಲಯ, ಶಾಸನಸಭೆ, ನ್ಯಾಯಾಲಯ ಮೂರೂ ಇವೆ. ಒಂದು ದಿನ ಒಂದೇ ರಾಷ್ಟ್ರವಾಗಬೇಕು ಎಂಬ ಗುರಿಯನ್ನು ಒಪ್ಪಂದದಲ್ಲೇ ಬರೆದಿಟ್ಟುಕೊಂಡ ಒಕ್ಕೂಟಗಳು ಜಗತ್ತಿನಲ್ಲಿ ಬಹಳ ಇಲ್ಲ. ಇದು ಅಂಥದ್ದು.

ಯಾವುದೇ ದೇಶಗಳ ಒಕ್ಕೂಟ ಎಷ್ಟು ಗಟ್ಟಿ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಗಡಿಯಲ್ಲಿ ವಸೂಲಾದ ಹಣ ಯಾರ ಖಾತೆಗೆ ಹೋಗುತ್ತದೆ? ಜಗಳ ಬಿದ್ದಾಗ ಕೊನೆಯ ಮಾತು ಯಾರದು? ಮುಂದಿನ ವಿವರವೆಲ್ಲ ಈ ಎರಡರ ಸುತ್ತಲೇ ಸುತ್ತುತ್ತದೆ.

ನಾಲ್ಕು ಮೆಟ್ಟಿಲು

ಒಪ್ಪಂದದ 5ನೇ ವಿಧಿ ನಾಲ್ಕು ಮೆಟ್ಟಿಲು ಹೇಳುತ್ತದೆ: ಕಸ್ಟಮ್ಸ್ ಒಕ್ಕೂಟ, ಸಾಮಾನ್ಯ ಮಾರುಕಟ್ಟೆ, ಹಣಕಾಸು ಒಕ್ಕೂಟ, ಕೊನೆಗೆ ರಾಜಕೀಯ ಒಕ್ಕೂಟ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಸರ್ಕಾರ ತನ್ನ ಕೈಯಲ್ಲಿದ್ದ ಒಂದು ಅಧಿಕಾರ ಬಿಟ್ಟುಕೊಡಬೇಕು.

ಬರೀ ಮುಕ್ತ ವ್ಯಾಪಾರ ವಲಯವಾದರೆ ಸದಸ್ಯರ ನಡುವೆ ಸುಂಕ ಇರುವುದಿಲ್ಲ, ಹೊರಗಿನಿಂದ ಬರುವ ಸರಕಿಗೆ ಮಾತ್ರ ಪ್ರತಿಯೊಬ್ಬರದೂ ಬೇರೆ ಬೇರೆ ದರ. ಆಗ ಚೀನಾದ ಸರಕು ಕಡಿಮೆ ಸುಂಕದ ದೇಶದ ಬಾಗಿಲಿನಿಂದ ಒಳಬಂದು ಎಲ್ಲೆಡೆ ಹರಡುತ್ತದೆ. ಕಸ್ಟಮ್ಸ್ ಒಕ್ಕೂಟದಲ್ಲಿ ಹೊರಗೋಡೆಯೂ ಒಂದೇ ಎತ್ತರ. ಅಂದರೆ ಸುಂಕ ಏರಿಸುವ, ಇಳಿಸುವ ಅಧಿಕಾರವೂ ಹೊರದೇಶದ ಜೊತೆ ಒಬ್ಬರೇ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವ ಅಧಿಕಾರವೂ ಕೈಬಿಟ್ಟಂತೆ. ಸಾಮಾನ್ಯ ಮಾರುಕಟ್ಟೆಯಲ್ಲಿ ಜನ, ದುಡಿಮೆ, ಸೇವೆ, ಬಂಡವಾಳಗಳಿಗೂ ಗಡಿ ತೆರೆಯಬೇಕು. ಹಣಕಾಸು ಒಕ್ಕೂಟದಲ್ಲಿ ಬಡ್ಡಿದರ, ನೋಟು ಮುದ್ರಣ, ವಿನಿಮಯ ದರ ಮೂರೂ ಹೋಗುತ್ತವೆ. ಕೊನೆಯ ಮೆಟ್ಟಿಲಲ್ಲಿ ಸೈನ್ಯ, ವಿದೇಶಾಂಗ ನೀತಿಗಳ ಸರದಿ.

ಕಸ್ಟಮ್ಸ್ ಒಕ್ಕೂಟ 2005ರ ಜನವರಿ 1ರಂದು, ಸಾಮಾನ್ಯ ಮಾರುಕಟ್ಟೆ 2010ರ ಜುಲೈ 1ರಂದು ಜಾರಿಗೆ ಬಂದವು. ಏಕ ಕರೆನ್ಸಿಯ ಒಪ್ಪಂದಕ್ಕೆ 2013ರ ನವೆಂಬರ್ 30ರಂದು ಕಂಪಾಲಾದಲ್ಲಿ ಸಹಿ ಬಿತ್ತು. ಮೂರನೆಯ ಮೆಟ್ಟಿಲಿಗೆ ಕಾಲು ಎತ್ತಿದ್ದಾಗಿದೆ, ಇಟ್ಟಿಲ್ಲ.

1977ರಲ್ಲಿ ಮುರಿದದ್ದು

ಇದು ಎರಡನೆಯ ಪ್ರಯತ್ನ. ಮೊದಲನೆಯದು ಹೇಗೆ ಕುಸಿಯಿತು ಎಂದು ತಿಳಿಯದೆ ಈಗಿನ ನಿಯಮಗಳು ಯಾಕೆ ಹೀಗಿವೆ ಎಂದು ತಿಳಿಯುವುದಿಲ್ಲ.

ಬ್ರಿಟಿಷರ ಕಾಲದಲ್ಲಿ ಕೆನ್ಯಾ ಮತ್ತು ಉಗಾಂಡಗಳ ಕಸ್ಟಮ್ಸ್ ಒಂದಾದದ್ದು 1917ರಲ್ಲಿ. 1927ರಲ್ಲಿ ಟಾಂಗನ್ಯೀಕ (ಈಗಿನ ಟಾಂಜಾನಿಯದ ಮುಖ್ಯಭೂಮಿ) ಸೇರಿತು. ಮೊಂಬಾಸಾದಿಂದ ವಿಕ್ಟೋರಿಯ ಸರೋವರದ ಕಡೆಗೆ ರೈಲು ಹಾದಿ ಹಾಕಿದವರು ಭಾರತದಿಂದ ಹೋದ ಕೂಲಿಗಳು, ಹಳಿಯ ಅಳತೆಯೂ ನಮ್ಮ ಮೀಟರ್ ಗೇಜೇ. 1920ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. 1921ರಿಂದ ಪೂರ್ವ ಆಫ್ರಿಕಾದ ಶಿಲ್ಲಿಂಗ್ ಬಂತು, ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗುವವರೆಗೂ ಅದೇ ಎಲ್ಲರ ನಾಣ್ಯವಾಗಿತ್ತು. ಯುರೋಪಿನ ಆರು ದೇಶಗಳು ಕಲ್ಲಿದ್ದಲು ಮತ್ತು ಉಕ್ಕಿನ ಒಪ್ಪಂದಕ್ಕೆ 1951ರಲ್ಲಿ ಸಹಿ ಹಾಕುವ ಹೊತ್ತಿಗೆ ಇಲ್ಲಿ ಒಂದೇ ಸುಂಕ, ಒಂದೇ ನಾಣ್ಯ, ಒಂದೇ ರೈಲು, ಒಂದೇ ಅಂಚೆ ಇದ್ದವು. ಯುರೋಪ್ ಇಂದು ನಿಂತಿರುವ ಕಡೆಯಿಂದ ಶುರುಮಾಡಿ ಹಿಂದಕ್ಕೆ ನಡೆದ ಒಕ್ಕೂಟ ಎನ್ನಬಹುದು.

ತೊಂದರೆ ಎಲ್ಲಿತ್ತೆಂದರೆ, ಕಾರ್ಖಾನೆಗಳೆಲ್ಲ ನೈರೋಬಿಯ ಸುತ್ತ ಬಂದು ಕೂತವು. ಸುಂಕದ ಗೋಡೆಯೊಳಗೆ ಉಗಾಂಡದವರೂ ಟಾಂಗನ್ಯೀಕದವರೂ ಕೆನ್ಯಾದ ಸರಕನ್ನು ಕೊಳ್ಳಬೇಕಾಯಿತು. ಹೊರಗಿನಿಂದ ತಂದಿದ್ದರೆ ತಮ್ಮ ಖಜಾನೆಗೆ ಸುಂಕವಾದರೂ ಬರುತ್ತಿತ್ತು, ಈಗ ಅದೂ ಇಲ್ಲ. ಈ ಅಸಮಾಧಾನ ತಣಿಸಲೆಂದೇ, ಮೂರು ದೇಶಗಳು ಸೇರಿ ಮೊದಲ ಸಮುದಾಯ ಕಟ್ಟಿಕೊಂಡ 1967ರ ಒಪ್ಪಂದದಲ್ಲಿ ಮೂರು ಏರ್ಪಾಡು ಮಾಡಿದರು. ಮೊದಲನೆಯದು ವರ್ಗಾವಣೆ ತೆರಿಗೆ: ವ್ಯಾಪಾರದಲ್ಲಿ ಹಿಂದೆ ಬಿದ್ದ ದೇಶ ಮುಂದಿರುವ ದೇಶದ ಕಾರ್ಖಾನೆ ಸರಕಿನ ಮೇಲೆ ಹೊರಸುಂಕದ ಅರ್ಧದವರೆಗೆ ತೆರಿಗೆ ಹಾಕಬಹುದು, ಹೆಚ್ಚೆಂದರೆ 8 ವರ್ಷ. ಎರಡನೆಯದು ಕಂಪಾಲಾದಲ್ಲಿ ಒಂದು ಅಭಿವೃದ್ಧಿ ಬ್ಯಾಂಕ್: ಬಂಡವಾಳ ಮೂವರದೂ ಸಮ, ಸಾಲ ಹಂಚುವಾಗ ಮಾತ್ರ ಟಾಂಜಾನಿಯಕ್ಕೆ ಶೇ. 38.75, ಉಗಾಂಡಕ್ಕೆ ಶೇ. 38.75, ಕೆನ್ಯಾಕ್ಕೆ ಶೇ. 22.5. ಮೂರನೆಯದು ಕಚೇರಿಗಳ ಹಂಚಿಕೆ: ಸಚಿವಾಲಯ ಅರೂಷಾಕ್ಕೆ, ಬಂದರು ನಿಗಮ ದಾರ್ ಎಸ್ ಸಲಾಮ್‌ಗೆ, ಅಂಚೆ ಕಂಪಾಲಾಕ್ಕೆ. ರೈಲ್ವೆ ಮತ್ತು ವಿಮಾನ ನೈರೋಬಿಯಲ್ಲೇ ಉಳಿದವು.

ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು. ಆದರೆ ಎಲ್ಲ ದೊಡ್ಡ ತೀರ್ಮಾನಗಳೂ ಮೂವರು ಅಧ್ಯಕ್ಷರ ಒಮ್ಮತದಿಂದಲೇ ಆಗಬೇಕೆಂಬ ನಿಯಮ ಕುತ್ತಿಗೆಗೆ ಬಂತು. 1971ರ ಜನವರಿಯಲ್ಲಿ ಇದಿ ಅಮೀನ್ ಉಗಾಂಡದಲ್ಲಿ ಅಧಿಕಾರ ಹಿಡಿದ, ಅವನ ಜೊತೆ ಒಂದೇ ಮೇಜಿಗೆ ಕೂರಲಾರೆ ಎಂದು ಟಾಂಜಾನಿಯದ ಜೂಲಿಯಸ್ ನ್ಯೆರೆರೆ ಪಟ್ಟುಹಿಡಿದರು. ಅಲ್ಲಿಂದಾಚೆಗೆ ಆ ಪರಮೋಚ್ಚ ಸಭೆ ಸೇರಲೇ ಇಲ್ಲ. ಜೊತೆಗೆ ನಿಗಮಗಳ ಒಳಗೆ ಹಣದ ಜಗಳ. ಒಂದೊಂದು ದೇಶದ ರೈಲ್ವೆ ವಿಭಾಗವೂ ತನ್ನಲ್ಲಿ ಬಂದ ಆದಾಯವನ್ನು ಕೇಂದ್ರ ಕಚೇರಿಗೆ ಕಳಿಸುವುದನ್ನು ತಡೆಹಿಡಿಯಿತು. 1977ರ ಆರಂಭದಲ್ಲಿ ಜಂಟಿ ವಿಮಾನ ಸಂಸ್ಥೆ ನೆಲಕಚ್ಚಿತು, ಕೆನ್ಯಾ ತನ್ನದೇ ಕೆನ್ಯಾ ಏರ್‌ವೇಸ್ ಕಟ್ಟಿಕೊಂಡಿತು. ಫೆಬ್ರವರಿಯಲ್ಲಿ ಟಾಂಜಾನಿಯ ಕೆನ್ಯಾದ ಗಡಿ ಮುಚ್ಚಿತು. ಜೂನ್ 30ರೊಳಗೆ ಸಮುದಾಯದ ಬಜೆಟ್‌ಗೆ ಒಪ್ಪಿಗೆ ಸಿಗಲಿಲ್ಲ, ಕಥೆ ಮುಗಿಯಿತು. ಗಡಿ ಮತ್ತೆ ತೆರೆದದ್ದು 1983ರ ನವೆಂಬರಿನಲ್ಲಿ. ಸ್ವಿಟ್ಜರ್ಲೆಂಡಿನ ರಾಜತಾಂತ್ರಿಕ ವಿಕ್ಟರ್ ಉಂಬ್ರಿಕ್ಟ್ ಮಧ್ಯಸ್ಥಿಕೆಯಲ್ಲಿ 1984ರ ಮೇ ತಿಂಗಳಲ್ಲಿ ಆಸ್ತಿ ಹಿಸ್ಸೆಯಾಯಿತು: ಕೆನ್ಯಾಕ್ಕೆ ಶೇ. 42, ಟಾಂಜಾನಿಯಕ್ಕೆ ಶೇ. 32, ಉಗಾಂಡಕ್ಕೆ ಶೇ. 26.

ಹೊಸ ಒಪ್ಪಂದಕ್ಕೆ 1999ರ ನವೆಂಬರ್ 30ರಂದು ಸಹಿಯಾಗಿ 2000ದ ಜುಲೈ 7ರಿಂದ ಅದು ಜಾರಿಗೆ ಬಂತು. ಈ ಸಲ ಜಂಟಿ ರೈಲು, ಜಂಟಿ ವಿಮಾನಗಳ ಗೊಡವೆಗೆ ಹೋಗಲಿಲ್ಲ. ಅದು ಜಾಣತನ. ಒಮ್ಮತದ ನಿಯಮವನ್ನು ಮಾತ್ರ ಹಾಗೇ ಉಳಿಸಿಕೊಂಡರು. ಅದು ಅಷ್ಟು ಜಾಣತನವಲ್ಲ.

ಮೊಂಬಾಸಾದಿಂದ ಕಂಪಾಲಾಕ್ಕೆ ಒಂದು ಕಂಟೇನರ್

ಹೊರಸುಂಕಕ್ಕೆ ಮೊದಲು ಮೂರು ದರಗಳಿದ್ದವು. ಕಚ್ಚಾವಸ್ತು ಮತ್ತು ಯಂತ್ರಗಳಿಗೆ ಸೊನ್ನೆ, ಅರೆಸಿದ್ಧ ಸರಕಿಗೆ ಶೇ. 10, ಸಿದ್ಧ ಸರಕಿಗೆ ಶೇ. 25. ಒಕ್ಕೂಟದೊಳಗೇ ಸಾಕಷ್ಟು ತಯಾರಾಗುವ ಕೆಲವು ಸಿದ್ಧ ಸರಕುಗಳಿಗೆ 2022ರ ಜುಲೈನಿಂದ ಶೇ. 35ರ ನಾಲ್ಕನೆಯ ದರ ಸೇರಿಕೊಂಡಿತು. ಇದರಾಚೆ ‘ಸೂಕ್ಷ್ಮ’ ಪಟ್ಟಿ ಬೇರೆ ಇದೆ: ಮೆಕ್ಕೆಜೋಳಕ್ಕೆ ಶೇ. 50, ಹಾಲಿಗೆ ಶೇ. 60, ಅಕ್ಕಿಗೆ ಶೇ. 75, ಸಕ್ಕರೆಗೆ ಶೇ. 100. ರೈತರ ಮತಗಳು ಎಲ್ಲಿವೆ ಎಂದು ತಿಳಿಯಲು ಈ ಪಟ್ಟಿ ಸಾಕು.

ಈಗ ಶೇ. 25ರ ಸಾಲಿಗೆ ಬರುವ, ಹಡಗು ಬಾಡಿಗೆ ಮತ್ತು ವಿಮೆ ಸೇರಿ 10,000 ಡಾಲರ್ ಬೆಲೆಯ ಸಿದ್ಧ ಸರಕು ಕಂಪಾಲಾದ ವ್ಯಾಪಾರಿಯ ಹೆಸರಿಗೆ ಬಂದಿದೆ ಎಂದಿಟ್ಟುಕೊಳ್ಳಿ. ಸುಂಕ 2,500 ಡಾಲರ್. 12,500ರ ಮೇಲೆ ಉಗಾಂಡದ ವ್ಯಾಟ್ ಶೇ. 18, ಅಂದರೆ 2,250. ಸಣ್ಣಪುಟ್ಟ ಲೆವಿ ಬಿಟ್ಟು ಒಟ್ಟು 4,750. ಇದೇ ಸರಕು ನೈರೋಬಿಯಲ್ಲೇ ಇಳಿದರೆ ಸುಂಕ ಅಷ್ಟೇ, ವ್ಯಾಟ್ ಮಾತ್ರ ಶೇ. 16, ಅಂದರೆ 2,000. ಹೊರಗೋಡೆ ಒಂದೇ ಆದರೂ ಒಳಗಿನ ತೆರಿಗೆಗಳು ಬೇರೆಬೇರೆಯಾಗಿಯೇ ಇವೆ. ‘ಕಂಪಾಲಾಕ್ಕೆ’ ಎಂದು ಬರೆಸಿದ ಸರಕು ದಾರಿಯಲ್ಲೇ ಕೆನ್ಯಾದಲ್ಲಿ ಮಾರಾಟವಾಗಿ ಹೋಗುವ ಮೋಸಕ್ಕೆ ಎಡೆ ಇರುವುದೂ ಇಲ್ಲೇ. ಸುಂಕ ಕಟ್ಟದೆ ಸಾಗಣೆಯಲ್ಲಿರುವ ಸರಕಾದರೆ ಲಾಭ ಇಡೀ ಸುಂಕದಷ್ಟು.

ಮೊದಲೆಲ್ಲ ಇಂಥ ಲಾರಿ ಕೆನ್ಯಾ ದಾಟುವವರೆಗೆ ‘ಟ್ರಾನ್ಸಿಟ್’ ಸರಕು. ಅದಕ್ಕೊಂದು ಬಾಂಡ್ (ಸುಂಕಕ್ಕೆ ಜಾಮೀನು), ಗಡಿಯಲ್ಲಿ ಕೆನ್ಯಾದ ತಪಾಸಣೆ, ಮತ್ತೆ ಉಗಾಂಡದ ತಪಾಸಣೆ. 2014ರಲ್ಲಿ ಏಕ ಕಸ್ಟಮ್ಸ್ ಪ್ರದೇಶ ಎಂಬ ಏರ್ಪಾಡು ಶುರುವಾದ ಮೇಲೆ ಕ್ರಮ ಬದಲಾಯಿತು. ಕಂಪಾಲಾದ ಏಜೆಂಟ್ ಉಗಾಂಡದ ಕಂದಾಯ ಇಲಾಖೆಯ ಕಂಪ್ಯೂಟರಿಗೆ ಘೋಷಣೆ ಹಾಕುತ್ತಾನೆ. ಸರಕು ಬಂದರಿನಲ್ಲಿರುವಾಗಲೇ ತೆರಿಗೆ ಉಗಾಂಡದ ಖಾತೆಗೆ ಜಮಾ ಆಗುತ್ತದೆ. ಮೊಂಬಾಸಾದಲ್ಲೇ ಕೂತಿರುವ ಉಗಾಂಡದ ಅಧಿಕಾರಿ ಬಿಡುಗಡೆ ಆದೇಶ ಕೊಡುತ್ತಾನೆ, ಕೆನ್ಯಾದವರು ಬಂದರಿನಿಂದ ಹೊರಬಿಡುತ್ತಾರೆ, ಕಂಟೇನರಿಗೆ ಎಲೆಕ್ಟ್ರಾನಿಕ್ ಸೀಲ್ ಬೀಳುತ್ತದೆ. ಗಡಿಯಲ್ಲಿ ಉಳಿಯುವುದು ಕಾಗದ ಮತ್ತು ಸೀಲ್ ಹೊಂದುತ್ತವೆಯೇ ಎಂದು ನೋಡುವ ಕೆಲಸ. ಮೊಂಬಾಸಾದಿಂದ ಕಂಪಾಲಾಕ್ಕೆ ಹಿಂದೆ 18 ದಿನ ಹಿಡಿಯುತ್ತಿದ್ದದ್ದು ಸುಮಾರು 4 ದಿನಕ್ಕೆ ಇಳಿಯಿತು ಎಂಬುದು ಇದರ ದೊಡ್ಡ ಸಾಧನೆ. ತೆರಿಗೆ ಸರಕು ತಲುಪುವ ಕಡೆಗೆ ಸೇರಬೇಕು ಎಂಬ ಈ ತತ್ವವನ್ನೇ ನಮ್ಮ ಅಂತರರಾಜ್ಯ ಜಿಎಸ್‌ಟಿಯೂ ಪಾಲಿಸುತ್ತದೆ.

ಇಲ್ಲಿಗೆ ಮೊದಲ ಪ್ರಶ್ನೆಯ ಉತ್ತರ ಸಿಕ್ಕಿತು. ವಸೂಲಿ ಒಟ್ಟಿಗೆ, ಹಣ ಮಾತ್ರ ಅವರವರ ಖಜಾನೆಗೆ. ಯುರೋಪಿನಲ್ಲಿ ಸುಂಕದ ಹಣ ಒಕ್ಕೂಟದ ಬಜೆಟ್‌ಗೆ ಹೋಗುತ್ತದೆ, ವಸೂಲಿ ಖರ್ಚೆಂದು ಸದಸ್ಯ ದೇಶ ಇಟ್ಟುಕೊಳ್ಳುವುದು 2021ರಿಂದ ಶೇ. 25. ದಕ್ಷಿಣ ಆಫ್ರಿಕಾ, ಬೋಟ್ಸ್ವಾನ, ನಮೀಬಿಯ, ಲೆಸೊಥೊ, ಎಸ್ವಾತಿನಿಗಳ ಹಳೆಯ ಕಸ್ಟಮ್ಸ್ ಒಕ್ಕೂಟದಲ್ಲಂತೂ ಎಲ್ಲ ಹಣ ಒಂದೇ ಹುಂಡಿಗೆ ಬಿದ್ದು ಸೂತ್ರದ ಪ್ರಕಾರ ಹಂಚಿಕೆಯಾಗುತ್ತದೆ. ಅರೂಷಾಕ್ಕೆ ಸ್ವಂತ ಆದಾಯವಿಲ್ಲ. ಸದಸ್ಯರು ಸಮಪಾಲು ಕೊಡಬೇಕೆಂಬ ನಿಯಮದ ಮೇಲೆ ನಡೆದುಬಂದ ಸಚಿವಾಲಯ ಅದು. ಕೆನ್ಯಾ ಕೊಡುವಷ್ಟನ್ನೇ ದಕ್ಷಿಣ ಸುಡಾನ್ ಕೊಡಬೇಕೆಂದರೆ ಬಾಕಿ ಬೀಳದೆ ಇನ್ನೇನಾಗುತ್ತದೆ?

ಗಡಿ ಠಾಣೆಯ ಒಳಗೆ

ಬೂಸಿಯ, ಮಲಾಬ, ನಮಾಂಗದಂಥ ಕಡೆ ‘ಒಂದೇ ನಿಲುಗಡೆ’ಯ ಗಡಿ ಠಾಣೆಗಳಿವೆ. ಬೂಸಿಯದ್ದು 2018ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಕೆನ್ಯಾದಿಂದ ಉಗಾಂಡಕ್ಕೆ ಹೋಗುವ ಲಾರಿ ಕೆನ್ಯಾ ಕಡೆಯ ಕಟ್ಟಡದಲ್ಲಿ ನಿಲ್ಲುವುದೇ ಇಲ್ಲ. ನೇರ ಉಗಾಂಡ ಕಡೆಯ ಕಟ್ಟಡಕ್ಕೆ ಹೋಗುತ್ತದೆ, ಅಲ್ಲಿ ಕೆನ್ಯಾದ ಕೌಂಟರ್ ಮೊದಲು, ಪಕ್ಕದಲ್ಲೇ ಉಗಾಂಡದ್ದು. ವಾಪಸು ಬರುವಾಗ ಇದರ ತಿರುವುಮುರುವು. ಹೀಗೆ ಮಾಡಬೇಕಾದರೆ ಕೆನ್ಯಾದ ಅಧಿಕಾರಿ ಉಗಾಂಡದ ನೆಲದ ಮೇಲೆ ಕೆನ್ಯಾದ ಕಾನೂನು ಚಲಾಯಿಸಬೇಕು. ಅದಕ್ಕೆಂದೇ 2016ರಲ್ಲಿ ಸಮುದಾಯದ ಪ್ರತ್ಯೇಕ ಕಾಯ್ದೆ ಬಂತು. ಕೆಡುವುದು ಎಲ್ಲಿ? ಎರಡು ದೇಶಗಳ ಕಂಪ್ಯೂಟರ್ ವ್ಯವಸ್ಥೆ ಬೇರೆಬೇರೆ, ಒಂದು ಕೆಟ್ಟರೆ ಸಾಲು ಬೆಳೆಯುತ್ತದೆ. 2020ರಲ್ಲಿ ಚಾಲಕರಿಗೆಲ್ಲ ಕೋವಿಡ್ ಪರೀಕ್ಷೆ ಕಡ್ಡಾಯವಾದಾಗ ಮಲಾಬದಲ್ಲಿ ಲಾರಿ ಸಾಲು ಕಿಲೋಮೀಟರ್‌ಗಟ್ಟಲೆ ನಿಂತಿತ್ತು.

ಒಳಗಿನ ಸರಕಿಗೆ ಸುಂಕವಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಕೂ ಸುಮ್ಮನೆ ದಾಟುವುದಿಲ್ಲ. ಅದು ಒಕ್ಕೂಟದೊಳಗೇ ತಯಾರಾದದ್ದು ಎಂದು ತೋರಿಸಬೇಕು. ಪೂರ್ತಿ ಇಲ್ಲೇ ಬೆಳೆದದ್ದಾದರೆ ಸಮಸ್ಯೆಯಿಲ್ಲ. ಹೊರಗಿನ ಸಾಮಗ್ರಿ ಬಳಸಿದ್ದರೆ ಆರಂಭದ ನಿಯಮಗಳಲ್ಲಿ ಮುಖ್ಯವಾಗಿ ಎರಡು ಅಳತೆಗೋಲಿದ್ದವು: ಬಳಸಿದ ಸಾಮಗ್ರಿಯಲ್ಲಿ ಆಮದಿನ ಪಾಲು ಶೇ. 60 ಮೀರಬಾರದು, ಇಲ್ಲವೇ ಇಲ್ಲಿ ಸೇರಿದ ಮೌಲ್ಯ ಕಾರ್ಖಾನೆ ವೆಚ್ಚದ ಶೇ. 35ರಷ್ಟಾದರೂ ಇರಬೇಕು. 2015ರ ನಿಯಮಗಳು ಸರಕು ಸರಕಿಗೂ ಬೇರೆ ಷರತ್ತು ಹಾಕಿದವು. ತಲೆಯ ಮೇಲೆ ಟೊಮೆಟೊ ಬುಟ್ಟಿ ಹೊತ್ತು ಗಡಿ ದಾಟುವ ಹೆಂಗಸರು ಈ ಲೆಕ್ಕವೆಲ್ಲ ಎಲ್ಲಿ ಮಾಡಿಯಾರು? 2,000 ಡಾಲರ್ ಒಳಗಿನ ಸರಕಿಗೆ ಗಡಿಯಲ್ಲೇ ಕೊಡುವ ಸರಳ ಮೂಲ ಪ್ರಮಾಣಪತ್ರ ಇರುವುದು ಅವರಿಗಾಗಿ. ಇದು ಗೊತ್ತಿಲ್ಲದವರು ಪಕ್ಕದ ಕಾಲುದಾರಿ ಹಿಡಿಯುತ್ತಾರೆ, ಅಲ್ಲಿ ಕೈಬೆಚ್ಚಗೆ ಮಾಡಿ ದಾಟುತ್ತಾರೆ.

ಮೆಕ್ಕೆಜೋಳದ ತೇವಾಂಶ

ಸುಂಕ ತೆಗೆದ ಮೇಲೆ ಸರ್ಕಾರಗಳ ಕೈಯಲ್ಲಿ ಉಳಿಯುವ ಆಯುಧ ಗುಣಮಟ್ಟದ ನಿಯಮ, ಪರವಾನಗಿ, ‘ಆರೋಗ್ಯದ ಕಾರಣ’. 2021ರ ಮಾರ್ಚ್ 5ರಂದು ಕೆನ್ಯಾದ ಕೃಷಿ ಪ್ರಾಧಿಕಾರ ಉಗಾಂಡ ಮತ್ತು ಟಾಂಜಾನಿಯದ ಮೆಕ್ಕೆಜೋಳ ಒಳಗೆ ಬಿಡಬೇಡಿ ಎಂದು ಪತ್ರ ಬರೆಯಿತು. ಕಾರಣ ಅಫ್ಲಾಟಾಕ್ಸಿನ್. ಕಾಳು ಸರಿಯಾಗಿ ಒಣಗದೆ ಚೀಲ ಸೇರಿದರೆ ಬೂಷ್ಟು ಹಿಡಿದು ಹುಟ್ಟುವ ವಿಷ ಅದು, ಯಕೃತ್ತಿಗೆ ಅಪಾಯ. ಪೂರ್ವ ಆಫ್ರಿಕಾದ ಜಂಟಿ ಮಾನದಂಡದಲ್ಲಿ ತೇವಾಂಶ ಶೇ. 13.5 ಮೀರಬಾರದು, ಒಟ್ಟು ಅಫ್ಲಾಟಾಕ್ಸಿನ್ ಶತಕೋಟಿಗೆ 10 ಭಾಗ ಮೀರಬಾರದು.

ಅಪಾಯ ನಿಜವಾದದ್ದೇ. ಮಳೆಗಾಲದಲ್ಲಿ ಕೊಯ್ದು, ನೆಲದ ಮೇಲೆ ಹರವಿ, ಪೂರ್ತಿ ಒಣಗುವ ಮೊದಲೇ ಮಾರುವ ಸಣ್ಣ ರೈತ ಎಲ್ಲ ಕಡೆಯೂ ಇದ್ದಾನೆ, ಕೆನ್ಯಾದಲ್ಲೂ ಇದ್ದಾನೆ. ಕೆಟ್ಟ ಲೋಡ್ ಪರೀಕ್ಷಿಸಿ ಹಿಂದಕ್ಕೆ ಕಳಿಸುವುದು ನಿಯಮದ ದಾರಿ. ಎರಡು ದೇಶಗಳ ಬೆಳೆಯನ್ನೇ ನಿಲ್ಲಿಸಿದ್ದು ಬೇರೆ ಮಾತು. ಗದ್ದಲವೆದ್ದ ಮೇಲೆ ಕೆಲವೇ ದಿನಗಳಲ್ಲಿ ನಿಷೇಧ ಷರತ್ತುಗಳಾಗಿ ಬದಲಾಯಿತು: ಆಮದುದಾರರು ನೋಂದಾಯಿಸಿಕೊಳ್ಳಬೇಕು, ಪ್ರತಿ ಲೋಡಿಗೂ ಅಫ್ಲಾಟಾಕ್ಸಿನ್ ಪ್ರಮಾಣಪತ್ರ ಇರಬೇಕು. ದೊಡ್ಡ ವ್ಯಾಪಾರಿಗೆ ಇದು ಒಂದು ಹೆಚ್ಚುವರಿ ಕಾಗದ, ಒಂದೇ ಲಾರಿ ಇಟ್ಟುಕೊಂಡವನಿಗೆ ಬಾಗಿಲು ಮುಚ್ಚಿದಂತೆ.

ಇಂಥ ತಡೆಗಳನ್ನು ನಿವಾರಿಸಲು 2017ರ ಕಾಯ್ದೆಯೊಂದಿದೆ. ದೂರು ಮೊದಲು ರಾಷ್ಟ್ರೀಯ ಸಮಿತಿಗೆ, ಅಲ್ಲಿಂದ ಎರಡು ದೇಶಗಳ ಮಾತುಕತೆಗೆ, ಬಗೆಹರಿಯದಿದ್ದರೆ ಮಂತ್ರಿಗಳ ಮಂಡಳಿಗೆ ಹೋಗುತ್ತದೆ. ಅಷ್ಟರಲ್ಲಿ ಹಾಲಾದರೆ ಒಡೆದಿರುತ್ತದೆ, ಮೊಟ್ಟೆಯಾದರೆ ಕೊಳೆತಿರುತ್ತದೆ. ಸದಸ್ಯ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರದ ಪಾಲು ಶೇ. 15ರ ಆಸುಪಾಸಿನಲ್ಲೇ ನಿಂತಿರುವುದಕ್ಕೆ ಇದೂ ಒಂದು ಕಾರಣ. ಎಲ್ಲರೂ ಚಹಾ, ಕಾಫಿ, ಖನಿಜಗಳಂಥ ಸರಕನ್ನು ದೂರದ ದೇಶಗಳಿಗೆ ಮಾರುವವರೇ ಆಗಿರುವುದು ಇನ್ನೊಂದು.

ಕೆನ್ಯಾದ ಹೂವು, ಟಾಂಜಾನಿಯದ ಅನುಮಾನ

ಒಂದೇ ಹೊರಗೋಡೆ ಇಟ್ಟುಕೊಂಡವರ ಹಿತಾಸಕ್ತಿ ಒಂದೇ ಆಗಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಜೊತೆಗಿನ ಒಪ್ಪಂದದಂಥ ಉದಾಹರಣೆ ಇನ್ನೊಂದಿಲ್ಲ. ಉಗಾಂಡ, ಟಾಂಜಾನಿಯ, ರುವಾಂಡ, ಬುರುಂಡಿಗಳು ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವುದರಿಂದ ಶಸ್ತ್ರಾಸ್ತ್ರ ಬಿಟ್ಟು ಏನನ್ನೇ ಆದರೂ ಸುಂಕವಿಲ್ಲದೆ ಯುರೋಪಿಗೆ ಕಳಿಸಬಹುದು. ಕೆನ್ಯಾ ಆ ಪಟ್ಟಿಯಲ್ಲಿಲ್ಲ. ಒಪ್ಪಂದವಾಗದಿದ್ದರೆ ಅದರ ಗುಲಾಬಿಗೆ ಸುಂಕ. ಅಂದರೆ ಗರಜು ಒಬ್ಬರಿಗೆ, ಸಹಿ ಎಲ್ಲರದೂ ಬೇಕು.

2014ರ ಅಕ್ಟೋಬರಿನಲ್ಲಿ ಗಡುವು ಮೀರಿತು, ವರ್ಷದ ಕೊನೆಯವರೆಗೂ ಕೆನ್ಯಾದ ಹೂವಿನ ಮೇಲೆ ಯುರೋಪಿನ ಸುಂಕ ಬಿತ್ತು. 2016ರಲ್ಲಿ ಕೆನ್ಯಾ, ರುವಾಂಡ ಸಹಿ ಹಾಕಿದವು. ಯುರೋಪಿನ ಕಾರ್ಖಾನೆ ಸರಕು ತಮ್ಮ ಎಳೆಯ ಉದ್ಯಮಗಳನ್ನು ನುಂಗಿಬಿಡುತ್ತದೆ ಎಂದು ಟಾಂಜಾನಿಯ ಒಪ್ಪಲಿಲ್ಲ. ಅದರ ಲೆಕ್ಕವೂ ತಪ್ಪಲ್ಲ. ಈಗಾಗಲೇ ಸುಂಕವಿಲ್ಲದೆ ಮಾರುತ್ತಿರುವವನು ಹೊಸದಾಗಿ ಬಾಗಿಲು ತೆರೆದು ಪಡೆಯುವುದೇನಿದೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಕೊನೆಗೆ 2021ರ ಶೃಂಗಸಭೆ, ಮುಂದೆ ಹೋಗುವವರು ಹೋಗಲಿ, ಉಳಿದವರು ಆಮೇಲೆ ಸೇರಿಕೊಳ್ಳಲಿ ಎಂಬ ಸೂತ್ರದ ಮೇಲೆ ಕೆನ್ಯಾಕ್ಕೆ ದಾರಿ ಬಿಟ್ಟಿತು. 2023ರ ಡಿಸೆಂಬರಿನಲ್ಲಿ ಕೆನ್ಯಾ ಒಂಟಿಯಾಗಿ ಸಹಿ ಹಾಕಿತು, 2024ರ ಜುಲೈ 1ರಿಂದ ಒಪ್ಪಂದ ಜಾರಿಯಲ್ಲಿದೆ. ಹೂವು ಉಳಿಯಿತು, ಗೋಡೆಯಲ್ಲಿ ಕಿಂಡಿ ಬಿತ್ತು. ಮುಂದೆ ಕಡಿಮೆ ಸುಂಕದಲ್ಲಿ ಕೆನ್ಯಾಕ್ಕೆ ಬರಲಿರುವ ಯುರೋಪಿನ ಸರಕು ಟಾಂಜಾನಿಯಕ್ಕೆ ನುಸುಳದಂತೆ ಮತ್ತೆ ಗಡಿಯಲ್ಲಿ ಮೂಲ ನೋಡಬೇಕಾಗುತ್ತದೆ. ಕಸ್ಟಮ್ಸ್ ಒಕ್ಕೂಟ ತಪ್ಪಿಸಬೇಕೆಂದಿದ್ದ ಕೆಲಸವೇ ಅದು.

ಬೇರೆ ಬಳಗಗಳ ಸದಸ್ಯತ್ವ ಇನ್ನೊಂದು ತೊಡಕು. ಟಾಂಜಾನಿಯ ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಸಾಡಕ್ ಬಳಗದಲ್ಲಿದೆ. ಕೆನ್ಯಾ, ಉಗಾಂಡ, ರುವಾಂಡ, ಬುರುಂಡಿಗಳು ಖಂಡದ ಪೂರ್ವ ಮತ್ತು ದಕ್ಷಿಣ ಭಾಗದ ದೇಶಗಳ ವ್ಯಾಪಾರ ಬಳಗವಾದ ಕೊಮೆಸಾದಲ್ಲಿವೆ. ಕಾಂಗೊ ಎರಡರಲ್ಲೂ ಇದೆ. ಎರಡು ಹೊರಗೋಡೆಗಳ ಒಳಗೆ ಒಂದೇ ದೇಶ ಇರಲು ಸಾಧ್ಯವಿಲ್ಲದ್ದರಿಂದ ಯಾವುದಾದರೂ ಒಂದು ಕಡೆ ಮಾತು ತಪ್ಪಲೇಬೇಕು.

ಜನ, ಜಮೀನು, ದುಡಿಮೆ

ಸಾಮಾನ್ಯ ಮಾರುಕಟ್ಟೆಯಲ್ಲಿ ಕಣ್ಣಿಗೆ ಕಾಣುವ ಲಾಭಗಳಿವೆ. 2014ರಿಂದ ಕೆನ್ಯಾ, ಉಗಾಂಡ, ರುವಾಂಡಗಳ ನಡುವೆ ರಾಷ್ಟ್ರೀಯ ಗುರುತಿನ ಚೀಟಿ ತೋರಿಸಿ ದಾಟಬಹುದು. ಈ ಮೂರು ದೇಶಗಳಿಗೆ ಸೇರಿ ಪ್ರವಾಸಿಗರಿಗೆ 90 ದಿನದ, 100 ಡಾಲರಿನ ಒಂದೇ ವೀಸಾ ಬಂದದ್ದೂ ಆಗಲೇ. ಟಾಂಜಾನಿಯ ಇವೆರಡರಿಂದಲೂ ದೂರವೇ ಉಳಿಯಿತು. ಅದರ ಭಯ ಮುಖ್ಯವಾಗಿ ಜಮೀನಿನದು. ವಿಸ್ತಾರವಾದ ಭೂಮಿ ಅದರ ಬಳಿ ಇದೆ, ನೆರೆಯವರಿಗೆ ಭೂಮಿಯ ಹಸಿವಿದೆ. ಹಾಗಾಗಿ ಜಮೀನಿನ ವಿಷಯ ಆಯಾ ದೇಶದ ಕಾನೂನಿಗೇ ಬಿಟ್ಟದ್ದು ಎಂದು ಒಪ್ಪಂದದಲ್ಲೇ ಬರೆಸಿಕೊಂಡಿತು. 2025ರ ಜುಲೈನಲ್ಲಿ ಮೊಬೈಲ್ ರಿಪೇರಿ, ಸಲೂನ್, ಪ್ರವಾಸಿ ಗೈಡ್ ಸೇರಿದಂತೆ 15 ಬಗೆಯ ಸಣ್ಣ ವ್ಯಾಪಾರಗಳನ್ನು ವಿದೇಶಿಯರು ಮಾಡಕೂಡದು ಎಂದು ಆದೇಶ ಹೊರಡಿಸಿದಾಗ ‘ವಿದೇಶಿಯರು’ ಎಂಬುದರಲ್ಲಿ ಒಕ್ಕೂಟದ ನೆರೆಹೊರೆಯವರೂ ಸೇರಿದ್ದರು. ಇದು ಸಾಮಾನ್ಯ ಮಾರುಕಟ್ಟೆಯ ಮಾತಿಗೆ ನೇರ ವಿರುದ್ಧ ಎಂದು ಕೆನ್ಯಾ ಆಕ್ಷೇಪಿಸಿತು.

ಒಂದೇ ನೋಟು ಯಾಕೆ ದೂರ

ಏಕ ಕರೆನ್ಸಿಗೆ ಅರ್ಹತೆ ಪಡೆಯಲು ನಾಲ್ಕು ಪರೀಕ್ಷೆಗಳಿವೆ. ಹಣದುಬ್ಬರ ಶೇ. 8 ಮೀರಬಾರದು. ಅನುದಾನ ಸೇರಿಸಿದ ವಿತ್ತೀಯ ಕೊರತೆ ಜಿಡಿಪಿಯ ಶೇ. 3ರೊಳಗಿರಬೇಕು. ಸಾರ್ವಜನಿಕ ಸಾಲ ಇಂದಿನ ಮೌಲ್ಯದಲ್ಲಿ ಜಿಡಿಪಿಯ ಶೇ. 50 ದಾಟಬಾರದು. ನಾಲ್ಕೂವರೆ ತಿಂಗಳ ಆಮದಿಗೆ ಸಾಕಾಗುವಷ್ಟು ವಿದೇಶಿ ವಿನಿಮಯ ಕೈಯಲ್ಲಿರಬೇಕು. ಇವನ್ನು ಮೂರು ವರ್ಷ ಸತತವಾಗಿ ಉಳಿಸಿಕೊಂಡು ತೋರಿಸಬೇಕು.

ಒಂದು ವರ್ಷ ಒಂದು ದೇಶ ಮೂರರಲ್ಲಿ ಪಾಸಾಗುತ್ತದೆ, ಮರುವರ್ಷ ಬರ ಬಿದ್ದರೆ ಎರಡಕ್ಕೆ ಇಳಿಯುತ್ತದೆ. ಚುನಾವಣೆ ವರ್ಷದಲ್ಲಿ ಕೊರತೆ ಶೇ. 3ಕ್ಕೆ ನಿಲ್ಲುವುದು ಕಷ್ಟ. ಮೊದಲ ಗುರಿ 2024 ಆಗಿತ್ತು, ಈಗ 2031ಕ್ಕೆ ಮುಂದೂಡಿದ್ದಾರೆ. ಆ ಇಸವಿಯ ಮೇಲೂ ನಂಬಿಕೆ ಇಡಬೇಕಾಗಿಲ್ಲ. ಪರೀಕ್ಷೆ ಪಾಸಾಗುವುದಕ್ಕಿಂತ ದೊಡ್ಡ ಪ್ರಶ್ನೆ ಆಮೇಲಿನದು. ಒಂದು ದೇಶ ಮಾತ್ರ ಬರಕ್ಕೆ ಸಿಕ್ಕಿದಾಗ ತನ್ನ ಶಿಲ್ಲಿಂಗಿನ ಬೆಲೆ ಇಳಿಸಿ ರಫ್ತು ಉಳಿಸಿಕೊಳ್ಳುವ ದಾರಿ ಅದಕ್ಕೆ ಇರುವುದಿಲ್ಲ. ಆಗ ಉಳಿದವರ ಖಜಾನೆಯಿಂದ ನೆರವು ಹರಿಯಬೇಕು, ಇಲ್ಲವೇ ಅಲ್ಲಿನ ಜನ ಕೆಲಸ ಹುಡುಕಿ ನೆರೆದೇಶಕ್ಕೆ ಹೋಗಲು ಬಿಡಬೇಕು. ಮೊದಲನೆಯದಕ್ಕೆ ಅರೂಷಾದಲ್ಲಿ ಹಣವಿಲ್ಲ, ಎರಡನೆಯದಕ್ಕೆ ಏನಾಗುತ್ತದೆಂದು 15 ವ್ಯಾಪಾರಗಳ ಆದೇಶದಲ್ಲೇ ಕಂಡೆವು.

ಕೊನೆಯ ಮಾತು ಯಾರದು

ನ್ಯಾಯಾಲಯವಿದೆ. 2006ರಲ್ಲಿ ಅರೂಷಾದ ಶಾಸನಸಭೆಗೆ ಕೆನ್ಯಾ ಸದಸ್ಯರನ್ನು ಆರಿಸಿದ ರೀತಿ ಒಪ್ಪಂದಕ್ಕೆ ತಕ್ಕುದಲ್ಲ ಎಂದು ದಾವೆ ಬಿತ್ತು. ಪ್ರತಿ ದೇಶಕ್ಕೆ 9 ಸ್ಥಾನ, ಆರಿಸುವುದು ರಾಷ್ಟ್ರೀಯ ಸಂಸತ್ತು. ಕೆನ್ಯಾದಲ್ಲಿ ಸಂಸತ್ತು ಚುನಾವಣೆ ನಡೆಸದೆ ಪಕ್ಷಗಳು ಕೊಟ್ಟ ಹೆಸರುಗಳನ್ನೇ ಕಳಿಸಿತ್ತು. ಆ ವರ್ಷದ ನವೆಂಬರಿನಲ್ಲಿ ನ್ಯಾಯಾಲಯ ಅವರ ಪ್ರಮಾಣವಚನಕ್ಕೆ ತಡೆ ಕೊಟ್ಟಿತು. ಸರ್ಕಾರಗಳು ತೀರ್ಪಿಗೆ ತಲೆಬಾಗಿದವು, ಜೊತೆಗೇ ಒಪ್ಪಂದವನ್ನೂ ತಿದ್ದಿದವು. ಮೇಲ್ಮನವಿಗೆ ಪ್ರತ್ಯೇಕ ವಿಭಾಗ ಬಂತು, ನ್ಯಾಯಾಧೀಶರನ್ನು ಅಮಾನತು ಮಾಡುವ, ತೆಗೆಯುವ ಕಾರಣಗಳ ಪಟ್ಟಿ ಬೆಳೆಯಿತು, ಸಾಮಾನ್ಯ ಪ್ರಜೆ ದಾವೆ ಹೂಡಲು ಎರಡೇ ತಿಂಗಳ ಗಡುವು ಬಿತ್ತು. ದೂರದ ಹಳ್ಳಿಯಲ್ಲಿ ಸರ್ಕಾರದ ತಪ್ಪು ಗೊತ್ತಾಗಿ, ವಕೀಲರನ್ನು ಹಿಡಿದು, ಅರೂಷಾ ತಲುಪುವ ಹೊತ್ತಿಗೆ ಎರಡು ತಿಂಗಳು ಮುಗಿದಿರುತ್ತದೆ.

ರಾಜಕೀಯ ಒಕ್ಕೂಟದ ಕೆಲಸವೂ ನಿಂತಿಲ್ಲ. ಪೂರ್ಣ ಒಕ್ಕೂಟದ ಬದಲು ಸದ್ಯಕ್ಕೆ ಸಡಿಲವಾದ ರಾಜ್ಯಮಂಡಲ ಸಾಕು ಎಂದು 2017ರಲ್ಲಿ ನಾಯಕರು ಒಪ್ಪಿದರು. ಸಂವಿಧಾನ ತಜ್ಞರ ಸಮಿತಿ ಬುರುಂಡಿಯಿಂದ ಶುರುಮಾಡಿ ದೇಶದಿಂದ ದೇಶಕ್ಕೆ ಜನಾಭಿಪ್ರಾಯ ಕೇಳುತ್ತಾ ಬಂದಿದೆ, 2023ರ ಮೇ ತಿಂಗಳಲ್ಲಿ ಕೆನ್ಯಾದ ಸರದಿಯಾಯಿತು. ಈ ನಡುವೆ ಕಾಂಗೊ 2022ರಲ್ಲಿ, ಸೊಮಾಲಿಯ 2024ರಲ್ಲಿ ಸದಸ್ಯರಾದವು. ಮೂವರಲ್ಲೇ ಬಾರದ ಒಮ್ಮತ ಎಂಟು ಜನರಲ್ಲಿ ಬರಬೇಕು.

ಸದಸ್ಯರ ನಡುವಿನ ಗಡಿಗಳೂ ಸುಮ್ಮನಿಲ್ಲ. ರುವಾಂಡ 2019ರ ಫೆಬ್ರವರಿಯಲ್ಲಿ ಉಗಾಂಡದ ಕಡೆಯ ಗಟುನ ಗಡಿ ಮುಚ್ಚಿ ತೆರೆದದ್ದು 2022ರ ಜನವರಿ ಕೊನೆಗೆ. ಬುರುಂಡಿ 2024ರ ಜನವರಿಯಲ್ಲಿ ರುವಾಂಡದ ಗಡಿ ಮುಚ್ಚಿತು. ಪೂರ್ವ ಕಾಂಗೊಕ್ಕೆ ಸಮುದಾಯ 2022ರ ನವೆಂಬರಿನಲ್ಲಿ ಕಳಿಸಿದ ಜಂಟಿ ಪಡೆಯನ್ನು ಒಂದು ವರ್ಷದಲ್ಲೇ ಕಾಂಗೊ ಸರ್ಕಾರ ಬೇಡವೆಂದು ವಾಪಸು ಕಳಿಸಿತು. 2025ರ ಜನವರಿಯಲ್ಲಿ ರುವಾಂಡದ ಬೆಂಬಲವಿದೆ ಎನ್ನಲಾದ ಎಂ23 ಬಂಡುಕೋರರ ಕೈಗೆ ಪೂರ್ವ ಕಾಂಗೊದ ಗೋಮಾ ನಗರ ಬಿದ್ದಾಗ ತುರ್ತು ಶೃಂಗಸಭೆಗಳು ನಡೆದವು. ಆದರೆ ಕಾಂಗೊ ಮತ್ತು ರುವಾಂಡ, ಎರಡೂ ಒಂದೇ ಕಸ್ಟಮ್ಸ್ ಒಕ್ಕೂಟದ ಸದಸ್ಯರು, 2025ರ ಜೂನ್ 27ರಂದು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದು ವಾಷಿಂಗ್ಟನ್ನಿನಲ್ಲಿ.